ಎಕ್ಸೆಲ್ ಹಾಳೆ ಪರದೆಯ ಅಗಲಕ್ಕೆ ತಾನಾಗಿ ಹೊಂದಿಕೊಳ್ಳುವಂತೆ ಮಾಡುವುದು ಹೇಗೆ? ಅನುಭವ ಹಂಚಿಕೊಳ್ಳಿ

ಕೇಳಿದವರು: ಅಡಿಕೆ ಬೆಳೆಗಾರರ ಸಂಘವೊಂದರ ಗುಮಾಸ್ತೆ

ನಮ್ಮ ಸಂಘದ ಆವಕದ ಲೆಕ್ಕವೆಲ್ಲ ಒಂದೇ ಎಕ್ಸೆಲ್ ಕಡತದಲ್ಲಿದೆ. ಸದಸ್ಯರ ಹೆಸರಿನಿಂದ ನಿವ್ವಳ ಪಾವತಿಯವರೆಗೆ ಎ ಇಂದ ಎನ್ ತನಕ ಕಾಲಂಗಳು. ಕಾರ್ಯದರ್ಶಿಯವರ ದೊಡ್ಡ ಮಾನಿಟರಿನಲ್ಲಿ ಅರ್ಧ ಪರದೆ ಖಾಲಿ ಬಿದ್ದಿರುತ್ತದೆ. ತೂಕದ ಕೌಂಟರಿನ ಹಳೆಯ ಲ್ಯಾಪ್‌ಟಾಪಿನಲ್ಲಿ ಪಾವತಿಯ ಕಾಲಂ ಕಾಣುವುದೇ ಇಲ್ಲ. ಒಬ್ಬರು ಜೂಮ್ ಸರಿಪಡಿಸಿ ಸೇವ್ ಮಾಡಿದರೆ ಇನ್ನೊಬ್ಬರಿಗೆ ಕೆಡುತ್ತದೆ. ತೆರೆದ ಕೂಡಲೇ ಆಯಾ ಪರದೆಗೆ ಸರಿಯಾಗಿ ಕೂರುವ ಉಪಾಯ ಇದೆಯೇ?

ಲೆಕ್ಕಪರಿಶೋಧಕರ ಕಚೇರಿಯಲ್ಲಿರುವವರು, ಶಿವಮೊಗ್ಗ

ಇದೆ ಮೇಡಂ. ಎಕ್ಸೆಲ್ ಪ್ರತಿ ಹಾಳೆಯ ಜೂಮ್ ಅನ್ನು ಕಡತದೊಳಗೇ ಬರೆದಿಡುತ್ತದೆ. ಹಾಗಾಗಿ ಕೊನೆಗೆ ಸೇವ್ ಮಾಡಿದವರ ಅಳತೆಯೇ ಎಲ್ಲರ ಪಾಲಿಗೂ ಬರುತ್ತದೆ. ಮೊದಲು ಕೈಯಿಂದಲೇ ಮಾಡಿ ನೋಡಿ: ಎ1 ರಿಂದ ಎನ್1 ರವರೆಗೆ ಆಯ್ಕೆ ಮಾಡಿ, ಆಲ್ಟ್ ಒತ್ತಿ ಬಿಟ್ಟು ಡಬ್ಲ್ಯೂ, ಆಮೇಲೆ ಜಿ. ‘ವ್ಯೂ’ ಪಟ್ಟಿಯಲ್ಲಿರುವ ‘ಜೂಮ್ ಟು ಸೆಲೆಕ್ಷನ್’ ಎಂಬುದು ಇದೇ.

ಇದನ್ನೇ ತಾನಾಗಿ ಆಗುವಂತೆ ಮಾಡಲು ಮ್ಯಾಕ್ರೊ, ಅಂದರೆ ಎಕ್ಸೆಲ್ ತಾನೇ ಓಡಿಸುವ ಆದೇಶಗಳ ಪಟ್ಟಿ, ಬರೆಯಬೇಕು. ಆಲ್ಟ್ ಮತ್ತು ಎಫ್11 ಒತ್ತಿ, ‘ದಿಸ್‌ವರ್ಕ್‌ಬುಕ್’ ತೆರೆದು, ‘ವರ್ಕ್‌ಬುಕ್ ಓಪನ್’ ಎಂಬ ಘಟನೆಯಡಿ ಮೂರು ಕೆಲಸ ಬರೆಯಿರಿ: ಆವಕದ ಹಾಳೆಗೆ ಹೋಗು, ಎ1 ರಿಂದ ಎನ್1 ಆಯ್ಕೆ ಮಾಡು, ‘ಆಕ್ಟಿವ್‌ವಿಂಡೋ’ದ ‘ಜೂಮ್’ಗೆ ಸಂಖ್ಯೆಯ ಬದಲು ‘ಟ್ರೂ’ ಕೊಡು. ‘ಟ್ರೂ’ ಎಂದರೆ ಆಯ್ಕೆಯಾದ ಭಾಗ ಕಿಟಕಿಗೆ ಎಷ್ಟರಲ್ಲಿ ಹಿಡಿಸುತ್ತದೆಯೋ ಅಷ್ಟು. ಕಡತವನ್ನು ಮ್ಯಾಕ್ರೊ ಸಹಿತ ಬಗೆಯಲ್ಲಿ, ಅಂದರೆ ಎಕ್ಸ್‌ಎಲ್‌ಎಸ್‌ಎಂ ಆಗಿ ಉಳಿಸಬೇಕು.

ಒಂದೇ ಸಾಲನ್ನು ಆರಿಸಿ ಎನ್ನುವುದಕ್ಕೆ ಕಾರಣವಿದೆ. ಅರವತ್ತನೆಯ ಸಾಲಿನವರೆಗೆ ಆರಿಸಿದರೆ ಎಕ್ಸೆಲ್ ಎತ್ತರವನ್ನೂ ಹಿಡಿಸಲು ಹೋಗಿ ಅಕ್ಷರಗಳನ್ನು ಇರುವೆ ಸಾಲು ಮಾಡಿಬಿಡುತ್ತದೆ.

ಹಾರ್ಡ್‌ವೇರ್ ಅಂಗಡಿಯವರು, ದಾವಣಗೆರೆ

ನಾನು ಬೇರೆ ದಾರಿ ಹಿಡಿದಿದ್ದೇನೆ. ಪರದೆಯ ರೆಸಲ್ಯೂಶನ್, ಅಂದರೆ ಅಗಲದಲ್ಲಿ ಎಷ್ಟು ಚುಕ್ಕೆಗಳಿವೆ ಎಂಬುದನ್ನು ಓದಿ, 1366 ಇದ್ದರೆ ಇಷ್ಟು, 1920 ಇದ್ದರೆ ಇಷ್ಟು ಎಂದು ಮ್ಯಾಕ್ರೊದಲ್ಲೇ ಪಟ್ಟಿ ಬರೆದಿದ್ದೇನೆ. ಎರಡು ಯಂತ್ರಗಳಿಗೆ ಧಾರಾಳವಾಗಿ ಸಾಕು.

ಲೆಕ್ಕಪರಿಶೋಧಕರ ಕಚೇರಿಯಲ್ಲಿರುವವರು, ಶಿವಮೊಗ್ಗ

ಸರ್, ಮೂರನೆಯ ಯಂತ್ರ ಬಂದಾಗ ಆ ಪಟ್ಟಿ ಕೈಕೊಡುತ್ತದೆ. ಎಲ್ಲವನ್ನೂ ದೊಡ್ಡದಾಗಿ ತೋರಿಸುವ ವಿಂಡೋಸ್‌ನ ‘ಸ್ಕೇಲ್’ 150 ಶೇಕಡಾ ಇರುವ ಲ್ಯಾಪ್‌ಟಾಪಿನಲ್ಲಿ 1920 ಅಗಲದ ಪರದೆಯೂ 1280ರಷ್ಟೇ ಜಾಗ ಕೊಡುತ್ತದೆ. ‘ಟ್ರೂ’ಗೆ ಆ ತಲೆಬಿಸಿ ಇಲ್ಲ, ಅದು ಕಿಟಕಿಯನ್ನೇ ಅಳೆಯುತ್ತದೆ.

ಡಿಟಿಪಿ ಕೆಲಸದವರು, ಧಾರವಾಡ

ಎಲ್ಲರೂ ಅಂಕಿಗಳನ್ನೇ ನೋಡುತ್ತಿದ್ದೀರಿ. ಹೆಸರುಗಳು ಕನ್ನಡದಲ್ಲಿವೆ ತಾನೇ? ಇಂಗ್ಲಿಷ್ ಅಕ್ಷರ 60 ಶೇಕಡಾದಲ್ಲೂ ಓದಲು ಬರುತ್ತದೆ. ಕನ್ನಡದ ಒತ್ತಕ್ಷರಗಳು ಅಷ್ಟು ಕುಗ್ಗಿದರೆ ಬರಿಯ ಚುಕ್ಕೆ. ‘ತಿಮ್ಮಪ್ಪ’ನ ಕೆಳಗಿನ ಎರಡು ಒತ್ತುಗಳೂ ಒಂದೇ ತರಹ ಕಾಣುತ್ತವೆ, ಸಾಲಿನ ಎತ್ತರ ಬಿಗಿಯಾಗಿದ್ದರೆ ಕತ್ತರಿಸಿಯೇ ಹೋಗುತ್ತವೆ. ಪಾವತಿ ಪಟ್ಟಿಯಲ್ಲಿ ಹೆಸರು ತಪ್ಪಿ ಓದುವುದು ಸಣ್ಣ ವಿಷಯವಲ್ಲ.

ಆದ್ದರಿಂದ ‘ಟ್ರೂ’ ಕೊಟ್ಟ ಮೇಲೆ ಇನ್ನೊಂದು ಸಾಲು ಸೇರಿಸಿ: ಜೂಮ್ 75ಕ್ಕಿಂತ ಕಡಿಮೆಯಾದರೆ 75 ಮಾಡು, 130 ದಾಟಿದರೆ 130ಕ್ಕೆ ನಿಲ್ಲಿಸು. ಈ ಎರಡು ಸಂಖ್ಯೆಗಳು ನನ್ನ ಕಣ್ಣಿನ ಲೆಕ್ಕ. ನಿಮ್ಮ ಫಾಂಟಿಗೆ ನೋಡಿ ಬದಲಿಸಿಕೊಳ್ಳಿ. 75ರಲ್ಲೂ ಹಿಡಿಸದಿದ್ದರೆ ತಪ್ಪು ಪರದೆಯದಲ್ಲ, ಹಾಳೆಯದು. ತೇವಾಂಶ, ಚೀಲದ ತೂಕದಂತಹ ನಡುವಿನ ಕಾಲಂಗಳನ್ನು ‘ಗ್ರೂಪ್’ ಮಾಡಿ ಮಡಚಿಡಿ. ಮೊತ್ತದ ಕಾಲಂ ಕೊಂಚ ಅಗಲವಾಗಿರಲಿ, ಇಲ್ಲದಿದ್ದರೆ ಕೆಲವು ಜೂಮ್‌ಗಳಲ್ಲಿ ಅಂಕಿಯ ಬದಲು ಬರೀ ಹ್ಯಾಶ್ ಗುರುತುಗಳು ತುಂಬಿಕೊಳ್ಳುತ್ತವೆ.

ಪ್ರೌಢಶಾಲಾ ಶಿಕ್ಷಕರು, ಹಾಸನ

ಮ್ಯಾಕ್ರೊ ಬರೆಯುವುದು ಸುಲಭ, ಓಡಿಸುವುದು ಕಷ್ಟ. ವಾಟ್ಸ್‌ಆ್ಯಪ್ ಅಥವಾ ಇಮೇಲ್‌ನಲ್ಲಿ ಬಂದ ಕಡತವಾದರೆ ಮೇಲೆ ಕೆಂಪು ಪಟ್ಟಿ ಬಂದು ಮ್ಯಾಕ್ರೊ ನಿಂತುಬಿಡುತ್ತದೆ. 2022ರಿಂದ ಮೈಕ್ರೋಸಾಫ್ಟ್ ಇದನ್ನು ತಾನಾಗಿಯೇ ತಡೆಯುತ್ತದೆ. ಕಡತದ ಮೇಲೆ ಬಲಕ್ಲಿಕ್ ಮಾಡಿ, ‘ಪ್ರಾಪರ್ಟೀಸ್’ನಲ್ಲಿ ‘ಅನ್‌ಬ್ಲಾಕ್’ಗೆ ಗುರುತು ಹಾಕಬೇಕು. ಯಾರೋ ಕಳಿಸಿದ ಕಡತಕ್ಕೆಲ್ಲ ಹೀಗೆ ಬಾಗಿಲು ತೆರೆಯಬೇಡಿ, ನೀವೇ ಬರೆದದ್ದಕ್ಕೆ ಮಾತ್ರ. ಬ್ರೌಸರಿನಲ್ಲಿ ತೆರೆಯುವ ಎಕ್ಸೆಲ್‌ನಲ್ಲಂತೂ ಈ ಮ್ಯಾಕ್ರೊ ನಡೆಯುವುದೇ ಇಲ್ಲ. ನಮ್ಮ ಶಾಲೆಯಲ್ಲಿ ಎಕ್ಸೆಲ್ ಬದಲು ಲಿಬ್ರೆಆಫೀಸ್ ಎಂಬ ಉಚಿತ ತಂತ್ರಾಂಶ ಇದೆ. ಅದರ ಜೂಮ್ ಆಯ್ಕೆಗಳಲ್ಲಿ ‘ಆಪ್ಟಿಮಲ್’ ಎಂಬುದು ಆರಿಸಿದ ಕೋಶಗಳ ಅಗಲಕ್ಕೆ ಹೊಂದಿಸುತ್ತದೆ. ನನಗೆ ಅಷ್ಟೇ ಸಾಕು.

ಕೇಳಿದವರು

ಎಲ್ಲರಿಗೂ ಧನ್ಯವಾದ. ಕಾರ್ಯದರ್ಶಿಯವರ ಯಂತ್ರದಲ್ಲಿ ಮ್ಯಾಕ್ರೊ ಚೆನ್ನಾಗಿ ನಡೆಯುತ್ತಿದೆ. ಕೌಂಟರಿನಲ್ಲಿ 75ರ ಮಿತಿಗೆ ಎನ್ ಕಾಲಂ ಹೊರಗೆ ಉಳಿಯಿತು. ನಡುವಿನ ಎರಡು ಕಾಲಂ ಮಡಚಿದ ಮೇಲೆ ಬಂತು. ಆದರೆ ಮೊದಲ ಹಾಳೆಗೆ ಮಾತ್ರ ಆಗುತ್ತಿದೆ, ಅದೇ ಕಡತದಲ್ಲಿರುವ ಸಾಲದ ಲೆಕ್ಕದ ಹಾಳೆ ಹಾಗೇ ಇದೆ. ಮುದ್ರಣಕ್ಕೇನಾದರೂ ತೊಂದರೆ ಆಗುತ್ತದೆಯೇ?

ಲೆಕ್ಕಪರಿಶೋಧಕರ ಕಚೇರಿಯಲ್ಲಿರುವವರು, ಶಿವಮೊಗ್ಗ

ಜೂಮ್ ಹಾಳೆಹಾಳೆಗೂ ಬೇರೆ. ಅದೇ ಸಾಲುಗಳನ್ನು ‘ವರ್ಕ್‌ಬುಕ್ ಶೀಟ್‌ಆಕ್ಟಿವೇಟ್’ ಘಟನೆಯಡಿಯೂ ಹಾಕಿ, ಸಾಲದ ಹಾಳೆಗೆ ಅದರ ಕೊನೆಯ ಕಾಲಂ ಯಾವುದೋ ಅದನ್ನೇ ಕೊಡಿ. ವಿಲೀನಗೊಳಿಸಿದ ಕೋಶಗಳಿರುವ ಶೀರ್ಷಿಕೆಯ ಸಾಲು ಬೇಡ, ಅದರ ಕೆಳಗಿನದನ್ನು ಆರಿಸಿ. ಮುದ್ರಣಕ್ಕೂ ಇದಕ್ಕೂ ಸಂಬಂಧವಿಲ್ಲ. ಅದಕ್ಕೆ ‘ಪೇಜ್ ಲೇಔಟ್’ನಲ್ಲಿ ಅಗಲ ಒಂದು ಪುಟ ಎಂದು ಕೊಟ್ಟರೆ ಆಯಿತು.