ಸಹಾಯ ಬೇಕು: ಮಾರ್ಚ್ ಕೊನೆಯಲ್ಲಿ ಔಲಿಯಲ್ಲಿ ಸ್ಕೀಯಿಂಗ್ ಕಲಿಯಬಹುದೇ?

ಹುಬ್ಬಳ್ಳಿ-ಧಾರವಾಡದ ಸದಸ್ಯರಿಗೆಲ್ಲ ನಮಸ್ಕಾರ. ದ್ವಿತೀಯ ಪಿಯು ಪರೀಕ್ಷೆ ಮುಗಿದ ಕೂಡಲೇ ಮಗಳನ್ನು ಉತ್ತರಾಖಂಡದ ಔಲಿಗೆ ಕರೆದೊಯ್ದು, ಅವಳು ಬಹುಕಾಲದಿಂದ ಆಸೆಪಟ್ಟಿರುವ ಸ್ಕೀಯಿಂಗ್ (ಕಾಲಿಗೆ ಸ್ಕೀ ಎಂಬ ಉದ್ದ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಆಟ) ಕಲಿಸಬೇಕೆಂದಿದ್ದೇನೆ. ಆದರೆ ಅಷ್ಟರಲ್ಲಿ ಮಾರ್ಚ್ ಮುಗಿಯುತ್ತ ಬಂದಿರುತ್ತದೆ. ಅಲ್ಲಿನ ಇಳಿಜಾರುಗಳು ಸುಮಾರು 2,500ರಿಂದ 3,000 ಮೀಟರ್ ಎತ್ತರದಲ್ಲಿರುವುದರಿಂದ, ಆ ಹೊತ್ತಿಗೆ ಕೆಳಭಾಗದ ಹಿಮ ಕರಗಿ ಹುಲ್ಲು ಕಾಣಿಸುವುದುಂಟು. ರಾತ್ರಿ ಹೆಪ್ಪುಗಟ್ಟಿದ ಹಿಮ ಬೆಳಗ್ಗೆ ಗಾಜಿನಂತೆ ಗಟ್ಟಿಯಾಗಿದ್ದು, ಬಿಸಿಲೇರಿದಾಗ ಮೇಲ್ಪದರ ಹದವಾಗಿ ಸಡಿಲಗೊಳ್ಳುತ್ತದೆ; ಮಧ್ಯಾಹ್ನದ ವೇಳೆಗೆ ನೀರು ತುಂಬಿ ಭಾರವಾದ ಹಿಮದಲ್ಲಿ ಸ್ಕೀ ಸಿಕ್ಕಿಕೊಂಡು ಮಂಡಿ ತಿರುಚುವ ಅಪಾಯವಿರುತ್ತದೆ. ಹೊಸದಾಗಿ ಕಲಿಯುವವರಿಗೆ ನಡುವಿನ ಆ ಕೆಲವೇ ತಾಸುಗಳು ಮುಖ್ಯವಾದ್ದರಿಂದ, ಋತುವಿನ ಕೊನೆಯಲ್ಲಿ ತರಬೇತುದಾರರು ಎಷ್ಟು ಹೊತ್ತಿಗೆ ಪಾಠ ಆರಂಭಿಸುತ್ತಾರೆ, ಬೂಟು ಮತ್ತು ಸ್ಕೀಗಳು ಬಾಡಿಗೆಗೆ ದೊರೆಯುತ್ತವೆಯೇ ಎಂಬುದನ್ನು ಹೋಗಿಬಂದವರು ದಯವಿಟ್ಟು ತಿಳಿಸಬೇಕು.

ಕಾಶ್ಮೀರದ ಗುಲ್ಮಾರ್ಗ್ ಇನ್ನೂ ಎತ್ತರದಲ್ಲಿದೆ, ಹಿಮವೂ ಹೆಚ್ಚು ದಿನ ನಿಲ್ಲುತ್ತದೆ. ಆದರೂ ಮೊದಲ ಪಾಠಕ್ಕೆ ಔಲಿಯಂಥ ಚಿಕ್ಕ ಬೆಟ್ಟವೇ ಒಳ್ಳೆಯದೆಂಬುದು ನನ್ನ ಭಾವನೆ. 2023ರ ಜನವರಿಯಲ್ಲಿ ಔಲಿಯ ದಾರಿಯಲ್ಲಿರುವ ಜೋಶಿಮಠದಲ್ಲಿ ನೆಲ ಕುಸಿದಾಗ ಔಲಿಯ ರೋಪ್‌ವೇ ನಿಂತಿತ್ತು. ಈಚೆಗೆ ಹೋದವರು ರಸ್ತೆಯ ಸ್ಥಿತಿಯನ್ನೂ ತಿಳಿಸಿದರೆ, ಹುಬ್ಬಳ್ಳಿಯಿಂದ ದೆಹಲಿಯ ನಿಜಾಮುದ್ದೀನ್‌ಗೆ ರೈಲಿನ ಟಿಕೆಟ್ ಕಾಯ್ದಿರಿಸಲು ಅನುಕೂಲವಾಗುತ್ತದೆ.