ಪದಚರ್ಚೆ: ಫೈರ್‌ಪ್ಲೇಸಿನ ಒಳಮೈ, ಅದರ ಬಣ್ಣ (ನಾಳೆಗೇ ಬೇಕು)

ಕಲಬುರಗಿಯಿಂದ:
ಎಲ್ಲರಿಗೂ ಶರಣು. ಬಣ್ಣದ ಡಬ್ಬಿ ಜೋಡಿ ಕೊಡೋ ಸೂಚನಾ ಚೀಟಿ, ನಾಳೆ ಹನ್ನೊಂದಕ್ಕ ಪ್ರೆಸ್ಸಿಗೆ ಹೋಗಬೇಕು. ಮಡಿಕೇರಿ, ಊಟಿ ಕಡೆ ಮನಿ ಗೋಡ್ಯಾಗ ಕಟ್ಟಿಸಿರ್ತಾರಲ್ಲ, ಆ ಫೈರ್‌ಪ್ಲೇಸಿನ ಒಳಗ ಹಚ್ಚೋ ಬಣ್ಣ. ‘ಅಗ್ಗಿಷ್ಟಿಕೆ’ ಅಂತ ಬರದೀನಿ. ಬಣ್ಣ 650 ಡಿಗ್ರಿ ಸೆಲ್ಸಿಯಸ್ ತನಕ ತಡೀತದ, ಅದಕ್ಕ ‘ಶಾಖನಿರೋಧಕ’. ‘ಮೊದಲು ಚಿಮಣಿ ಸ್ವಚ್ಛ ಮಾಡಿ’ ಅಂತಿದ್ದದ್ದು ಓದಿ ನಮ್ಮವ್ವ, “ಈಗ ಚಿಮಣಿ ಎಣ್ಣಿ ಎಲ್ಲಿ ಸಿಗತದೋ?” ಅಂದಳು. ನಮ್ಮ ಕಡೆ ಚಿಮಣಿ ಅಂದ್ರ ಸೀಮಿ ಎಣ್ಣಿ ದೀಪ. ಅಲ್ಲಿಗೆ ಧೈರ್ಯ ಹೋತು. ಈ ಕನ್ನಡ ಪದ ಸರಿ ಅವ ಏನು, ಹೇಳ್ರಿ.

ಬೀದರದಿಂದ:
ಶಾಖನಿರೋಧಕ ತಪ್ಪು. ಈ ಬಣ್ಣ ಕಾವನ್ನ ತಡಿಯಂಗಿಲ್ಲ, ಕಾವಿಗೆ ತಾನು ಸುಲಿದು ಬೀಳಂಗಿಲ್ಲ, ಅಷ್ಟೆ. ನಿಮ್ಮ ಚೀಟಿ ಓದಿದವ ಗೋಡಿ ತಣ್ಣಗಿರತದ ಅಂತ ಹಿಂದ ಕಟಿಗಿ ಕಪಾಟು ಒರಗಿಸ್ಯಾನು. ‘ಕಾವು ತಾಳುವ ಬಣ್ಣ’ ಅನ್ರಿ. ಫೈರ್‌ಪ್ಲೇಸಿಗೆ ‘ಭಟ್ಟಿ’ ಸಾಕು. ಬಿದರಿ ಕೆಲಸದಾಗ ಸತು, ತಾಮ್ರ ಕರಗಸೂದು ಅದರಾಗ.

ಕಲಬುರಗಿ, ನಿವೃತ್ತ ಅಧ್ಯಾಪಕ:
ಭಟ್ಟಿ ಎಂದರೆ ಜನಕ್ಕೆ ಸಾರಾಯಿ ನೆನಪಾಗುತ್ತದೆ. ಅಗ್ಗಿಷ್ಟಿಕೆಯೇ ಸರಿ. ಅಗ್ನಿ + ಇಷ್ಟಿಕೆ, ಇಟ್ಟಿಗೆಯ ಒಲೆ. ಇದರಲ್ಲಿ ಚರ್ಚೆಗೇನಿದೆ?

ಯಾದಗಿರಿಯಿಂದ:
ಇಟ್ಟಿಗಿ ಎಲ್ಲಿಂದ ಬಂತು ಸರ? ಮೂಲ ‘ಅಗ್ನಿಷ್ಠಿಕಾ’. ಅಲ್ಲಿರೋದು ‘ನಿಲ್ಲು’ ಅನ್ನೋ ಅರ್ಥದ ಸ್ಥಾ ಧಾತು. ಅರ್ಥ ಕೆಂಡದ ಪಾತ್ರೆ, ಎತ್ತಿ ಆಕಡೆ ಈಕಡೆ ಇಡೋದು, ನಮ್ಮ ಶೆಗಡಿ ಇದ್ದಂಗ. ಗೋಡ್ಯಾಗಿನದಕ್ಕ ಉರ್ದುದಾಗ ‘ಆತಿಶ್‌ದಾನ್’ ಅಂತ ಚೊಕ್ಕ ಪದ ಅದ.

ಅಧ್ಯಾಪಕ:
ಫಾರಸಿ ಎರವಲು ಬೇಡ.

ಯಾದಗಿರಿ:
ಸಂಸ್ಕೃತದ್ದು ತಂದ್ರ ತದ್ಭವ, ಫಾರಸಿದು ತಂದ್ರ ಎರವಲು! ದಿನಾ ‘ಸರಕಾರ’ಕ್ಕ ‘ಅರ್ಜಿ’ ಕೊಡೋರು ನಾವು. ಮಡಿ ಯಾರಿಗೆ ಹೇಳ್ತೀರಿ?

ಬೀದರ:
ಜಗಳ ಆಮ್ಯಾಲ. ಚೀಟ್ಯಾಗ ‘ಕ್ಯೂರಿಂಗ್’ಗೆ ಏನು ಬರದೀರಿ? ಈ ಬಣ್ಣ ಬರೇ ಗಾಳಿಗೆ ಒಣಗಿದ್ರ ಸಾಲದು. ಮೊದಲ ಸಣ್ಣ ಉರಿ ಹಾಕಿ ಆರಲಿಕ್ಕೆ ಬಿಡಬೇಕು, ಆಮ್ಯಾಲ ಸ್ವಲ್ಪ ಹೆಚ್ಚು. ಹೊಗಿ, ವಾಸನಿ ಬರತದ, ಕಿಡಕಿ ತೆರೆದಿರಬೇಕು. ಹೊಸ ಹಂಚು ರೊಟ್ಟಿಗೆ ಹದಾ ಮಾಡತೇವಲ್ಲ, ಅದಕ್ಕೇನಂತೀರಿ? ಪಳಗಿಸೂದು.

ಕಲಬುರಗಿ:
ಅಣ್ಣಾವ್ರೆ, ನಾನು ‘ಸಂಸ್ಕರಿಸಿ’ ಅಂತ ಬರದಿದ್ದೆ, ಹೊಡದು ಹಾಕಿದೆ. ಕಡೀಗೆ ಹಿಂಗ ಹೊಂಟದ: “ಬೆಂಕಿಗೂಡು ಪೂರ್ತಿ ತಣ್ಣಗಾದ ಮೇಲೆ ಒಳಮೈಯ ಮಸಿಯನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ತೊಳೆದು, ಒಣಗಿಸಿ. ಬಿರುಕಿದ್ದರೆ ಮೊದಲು ಮುಚ್ಚಿಸಿ. ಕಾವು ತಾಳುವ ಬಣ್ಣವನ್ನೇ ಹಚ್ಚಿ. ಗೋಡೆಯ ಸಾದಾ ಬಣ್ಣ ಬೇಡ. ಒಣಗಿದ ಮೇಲೆ ಸಣ್ಣ ಉರಿಯಲ್ಲಿ ಪಳಗಿಸಿ.” ದೀಪ ಇಡೋದು ಗೂಡಿನಾಗ, ಬೆಂಕಿನೂ ಗೂಡಿನಾಗ ಇರಲಿ. ಚಿಮಣಿ ‘ಹೊಗೆಕೊಳವೆ’ ಆಗ್ಯದ. ಅವ್ವ ಈ ಸಲ ಏನೂ ಕೇಳಲಿಲ್ಲ.

ಅಧ್ಯಾಪಕ:
‘ಬ್ರಷ್’ ಹಾಗೇ ಬಿಟ್ಟಿದ್ದೀರಿ. ಕುಂಚ ಎನ್ನಬಹುದಿತ್ತು.

ಯಾದಗಿರಿ:
ತಂತಿ ಕುಂಚ ತಗೊಂಡು ಮಸಿ ಉಜ್ಜಿ ತೋರಸ್ರಿ ಸರ.