ಬಿಚ್ಚಾಣಿಕೆ ಘಟಕದ ಫೋಟೋ ಕಥೆಗೆ ಮ್ಯೂಸಿಕ್ ಬೇಕಾ?

ಕೊನೇ ಸೆಮಿಸ್ಟರ್: ಎಲ್ಲರಿಗೂ ನಮಸ್ಕಾರ. ನಾನು ಪತ್ರಿಕೋದ್ಯಮ ಎಂ.ಎ. ವಿದ್ಯಾರ್ಥಿನಿ. ಪ್ರಾಜೆಕ್ಟಿಗೆ ರಾಮನಗರದ ಒಂದು ಬಿಚ್ಚಾಣಿಕೆ ಘಟಕಕ್ಕೆ, ಅಂದರೆ ರೇಷ್ಮೆ ಗೂಡನ್ನು ಬಿಸಿನೀರಿಗೆ ಹಾಕಿ ನೂಲು ತೆಗೆಯುವ ಕಡೆಗೆ, ನಾಲ್ಕು ದಿನ ಹೋಗಿ ಬಂದೆ. 12 ಫೋಟೋ, ಜೊತೆಗೆ ಯಂತ್ರದ ಸದ್ದು, ಅಲ್ಲಿ ಕೆಲಸ ಮಾಡುವ ಒಬ್ಬ ಅಕ್ಕನ ಮಾತು. ಒಟ್ಟು ಮೂರು ನಿಮಿಷ. ನಮ್ಮ ಗೈಡ್ ನೋಡಿ, "ಇದು ಸ್ಲೈಡ್ ಶೋ ಆಯ್ತಲ್ಲಮ್ಮ. ವಿಡಿಯೋ ಮಾಡು, ಒಂದು ಡ್ರೋನ್ ಶಾಟ್ ಹಾಕು, ಹಿಂದೆ ಮ್ಯೂಸಿಕ್ ಇರಲಿ. ಮಲ್ಟಿಮೀಡಿಯಾ ಅಂದರೆ ಅದು" ಅಂದರು. ಬೇಜಾರಾಯ್ತು. ನಿಮಗೇನನ್ನಿಸುತ್ತೆ?

ಹಳೇ ನಿಕಾನ್: ಬಿಸಿನೀರಿನಲ್ಲಿ ಕೈಯಾಡಿಸುವ ಕೆಲಸಕ್ಕೆ ಡ್ರೋನ್ ಯಾಕಮ್ಮ? ಮೇಲಿಂದ ಚಾವಣಿಯ ಶೀಟು ಬಿಟ್ಟು ಇನ್ನೇನೂ ಕಾಣಲ್ಲ. ಬೆಂದು ಬಿಳುಚಿದ ಬೆರಳನ್ನು ಜನ ನಿಂತು ನೋಡಬೇಕು, ಹಾಗೆ ನಿಲ್ಲಿಸುವುದು ಫೋಟೋ ಮಾತ್ರ. 1984ರ ಭೋಪಾಲ್ ಅನಿಲ ದುರಂತ ನೆನಪಿಸಿಕೋ. ಮಣ್ಣಾಗುತ್ತಿದ್ದ ಒಂದೇ ಮಗುವಿನ ಮುಖವನ್ನು ರಘು ರಾಯ್ ಕಪ್ಪು ಬಿಳುಪಿನಲ್ಲಿ, ಪಾಬ್ಲೋ ಬಾರ್ತೊಲೊಮ್ಯು ಬಣ್ಣದಲ್ಲಿ ತೆಗೆದರು. ಅದಕ್ಕೆ ಯಾವ ಮ್ಯೂಸಿಕ್ ಇತ್ತು?

ರೀಲ್ ಹುಡುಗ: ಸರ್, ಮಾತು ಚೆನ್ನಾಗಿದೆ. ಆದರೆ ಪರೀಕ್ಷೆ ಮುಗಿದ ಮೇಲೆ ಇವರಿಗೆ ಕೆಲಸ ಬೇಕಲ್ವಾ? ನನ್ನ ಇಂಟರ್‌ವ್ಯೂನಲ್ಲಿ ಕೇಳಿದ್ದು, ಶೂಟ್ ಬರುತ್ತಾ, ಎಡಿಟ್ ಬರುತ್ತಾ, ವಾಯ್ಸ್ ಓವರ್ ಕೊಡ್ತೀಯಾ ಅಂತ. ಅಮೆರಿಕದ ಷಿಕಾಗೋ ಸನ್-ಟೈಮ್ಸ್ ಪತ್ರಿಕೆ 2013ರಲ್ಲಿ ತನ್ನ ಫೋಟೋಗ್ರಾಫರ್‌ಗಳನ್ನೆಲ್ಲ ತೆಗೆದು ಹಾಕಿತು. ಫೋಟೋ ಒಂದೇ ಸಾಕು ಅಂತ ಕೂತರೆ ಅದೇ ಗತಿ.

ಡೆಸ್ಕ್ ಮೇಷ್ಟ್ರು: ಷಿಕಾಗೋ ಕಥೆ ಅರ್ಧ ಹೇಳಿದಿರಿ. ಮನೆಗೆ ಹೋದ 28 ಜನರಲ್ಲಿ ಪತ್ರಿಕೋದ್ಯಮದ ಪುಲಿಟ್ಜರ್ ಪ್ರಶಸ್ತಿ ಪಡೆದ ಜಾನ್ ಎಚ್. ವೈಟ್ ಕೂಡ ಇದ್ದರು. ಆಮೇಲೆ ವರದಿಗಾರರಿಗೆ ಐಫೋನಿನಲ್ಲಿ ಫೋಟೋ ತೆಗೆಯುವ ಪಾಠ ಮಾಡಿದರು! ಅದು ಮಲ್ಟಿಮೀಡಿಯಾ ಅಲ್ಲ, ಸಂಬಳ ಉಳಿಸುವ ಉಪಾಯ. ಅದರ ಹಿಂದಿನ ವರ್ಷ ನ್ಯೂಯಾರ್ಕ್ ಟೈಮ್ಸ್ ಒಂದು ಹಿಮಕುಸಿತದ ಬಗ್ಗೆ ಬರಹ, ವಿಡಿಯೋ, ನಕ್ಷೆ ಎಲ್ಲ ಸೇರಿಸಿ ಮಾಡಿತಲ್ಲ, ಅದಕ್ಕೆ ದೊಡ್ಡ ತಂಡವೇ ತಿಂಗಳುಗಟ್ಟಲೆ ದುಡಿದಿತ್ತು. ನಮ್ಮಲ್ಲಿ ಒಬ್ಬ ವಿದ್ಯಾರ್ಥಿ, ಒಂದು ಫೋನು, ಹದಿನೈದು ದಿನ. ಎಲ್ಲ ಮಾಡು ಅಂದರೆ ಒಂದೂ ನೆಟ್ಟಗಾಗಲ್ಲ.

ಮ್ಯೂಸಿಕ್ ಅಂತೂ ಬೇಡ. ಪಿಟೀಲು ಹಾಕಿದರೆ "ಈಗ ಅಳಿ" ಅಂತ ನೋಡುವವರಿಗೆ ಆರ್ಡರ್ ಮಾಡಿದ ಹಾಗೆ. ಯಂತ್ರದ ಸದ್ದು ಇದೆಯಲ್ಲ, ಸಾಕು. ಅದು ನಿಂತ ಮೇಲೆ ಒಂದು ನಿಮಿಷ ಸುಮ್ನೆ ರೆಕಾರ್ಡ್ ಮಾಡಿಕೊಂಡಿರಿ. ಮಾತುಗಳ ನಡುವೆ ಅಂಟಿಸಲು ಆಗುತ್ತೆ.

ರೀಲ್ ಹುಡುಗ: ಮ್ಯೂಸಿಕ್ ವಿಷಯ ಒಪ್ಪಿದೆ. ಆದರೆ ಜನ ಬಸ್ಸಿನಲ್ಲಿ, ಸದ್ದು ಆಫ್ ಮಾಡಿಕೊಂಡು ನೋಡ್ತಾರೆ. ಅಕ್ಕನ ಮಾತಿಗೆ ಸಬ್‌ಟೈಟಲ್ ಹಾಕದಿದ್ದರೆ ನಿಮ್ಮ ಯಂತ್ರವೂ ಇಲ್ಲ, ಅಕ್ಕನೂ ಇಲ್ಲ.

ಡೆಸ್ಕ್ ಮೇಷ್ಟ್ರು: ಅದು ಸರಿ. ಅವರಾಡುವ ಕನ್ನಡದಲ್ಲೇ ಹಾಕಿ, ತಿದ್ದಬೇಡಿ.

ಕೊನೇ ಸೆಮಿಸ್ಟರ್: ಇನ್ನೊಂದು ಕೇಳಬೇಕಿತ್ತು. ನನ್ನ ಹತ್ತಿರ ಇರುವುದರಲ್ಲಿ ಅತಿ ಒಳ್ಳೆಯ ಫೋಟೋ ಅಂದರೆ ಒಬ್ಬ ಹುಡುಗನದು. ಹನ್ನೆರಡು ವರ್ಷ ಇರಬಹುದು. ಗೂಡಿನ ಬುಟ್ಟಿ ಹೊತ್ತಿದ್ದಾನೆ, ಹಬೆಯ ಮಧ್ಯೆ ಮುಖ. ಅದನ್ನೇ ಮೊದಲ ಫೋಟೋ ಮಾಡೋಣ ಅಂತಿದ್ದೆ.

ಕೋರ್ಟ್ ಬೀಟ್: ಬೇಡ. ಬಾಲನ್ಯಾಯ ಕಾಯ್ದೆ 2015ರ 74ನೇ ಸೆಕ್ಷನ್ ಓದಿ. ಕಾನೂನು ಮೀರಿ ಕೆಲಸಕ್ಕೆ ಹಚ್ಚಿದ ಮಗು "ಆರೈಕೆ, ರಕ್ಷಣೆ ಬೇಕಾದ ಮಗು" ಎಂಬ ಲೆಕ್ಕಕ್ಕೆ ಬರುತ್ತೆ. ಹೆಸರು, ವಿಳಾಸ, ಶಾಲೆ, ಫೋಟೋ, ಗುರುತು ಸಿಗುವಂಥ ಯಾವುದನ್ನೂ ಹಾಕುವಂತಿಲ್ಲ. ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಕಾಲೇಜಿನ ಯೂಟ್ಯೂಬ್ ಚಾನೆಲ್ ಅಂತ ವಿನಾಯಿತಿ ಏನಿಲ್ಲ.

ರೀಲ್ ಹುಡುಗ: ಮುಖ ಬ್ಲರ್ ಮಾಡಿದರೆ ಆಯ್ತಲ್ಲ?

ಕೋರ್ಟ್ ಬೀಟ್: ಪಕ್ಕದಲ್ಲೇ ಘಟಕದ ಬೋರ್ಡು, ಅಕ್ಕನ ಮುಖ, ಅಕ್ಕನ ದನಿ. ಆ ಬೀದಿಯವರಿಗೆ ಗುರುತು ಹಿಡಿಯಲು ಇನ್ನೇನು ಬೇಕು?

ಹಳೇ ನಿಕಾನ್: ನಾನು ಮೊದಲು ಇದಕ್ಕೆ ವಾದ ಮಾಡುತ್ತಿದ್ದೆ. ಮುಖ ಇಲ್ಲದಿದ್ದರೆ ಯಾರು ನಂಬ್ತಾರೆ ಅಂತ. ಹಳೇ ಮಾತು, ಒಂದು ಇಟ್ಟಿಗೆ ಗೂಡಿನ ಹುಡುಗಿಯ ಫೋಟೋ ತೆಗೆದಿದ್ದೆ. ನಮ್ಮ ಪೇಪರಿನಲ್ಲಿ ಮುಖಪುಟದಲ್ಲಿ ಬಂತು. ಎಲ್ಲರೂ ಬೆನ್ನು ತಟ್ಟಿದರು. ಪ್ರತಿ ಕೊಡೋಣ ಅಂತ ಮುಂದಿನ ವಾರ ಹೋದರೆ ಆ ಗುಡಿಸಲೇ ಖಾಲಿ. ಮಾಲೀಕ ರಾತ್ರೋರಾತ್ರಿ ಕಳಿಸಿದ್ದನಂತೆ. ಎಲ್ಲಿಗೆ ಹೋದರೋ, ಇವತ್ತಿಗೂ ಗೊತ್ತಿಲ್ಲ. ಆ ಪ್ರತಿ ಇನ್ನೂ ನನ್ನ ಹತ್ತಿರವೇ ಇದೆ.

ಕೊನೇ ಸೆಮಿಸ್ಟರ್: ಸರ್... ಈ ಹುಡುಗ ಆ ಅಕ್ಕನ ತಂಗಿಯ ಮಗ. ರಜೆಗೆ ಬಂದಿದ್ದಾನೆ, ಸುಮ್ನೆ ಕೈ ಜೋಡಿಸ್ತಾನೆ ಅಂದರು. ಮನೆಯವರ ಜೊತೆ ಕೆಲಸ ಮಾಡಬಹುದು ಅಂತ ಕಾನೂನಿದೆಯಲ್ವಾ?

ಕೋರ್ಟ್ ಬೀಟ್: ಇದೆ, ಆದರೆ ಕುಟುಂಬದ್ದೇ ಉದ್ಯಮ ಆಗಿರಬೇಕು, ಅಪಾಯದ ಕೆಲಸ ಆಗಿರಬಾರದು, ಶಾಲೆ ಮುಗಿದ ಮೇಲೆ ಅಥವಾ ರಜೆಯಲ್ಲಿ. ಇಲ್ಲಿ ಅಕ್ಕನೇ ಕೂಲಿಗೆ ಹೋಗುವವರು. ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಬೇಕು.

ಕೊನೇ ಸೆಮಿಸ್ಟರ್: ತಿಳಿಸಿದರೆ ಅಕ್ಕನ ಕೆಲಸ ಹೋಗುತ್ತೆ. ನಾಲ್ಕು ದಿನ ನನಗೆ ಊಟ ಹಾಕಿದ್ದಾರೆ ಅವರು.

ಡೆಸ್ಕ್ ಮೇಷ್ಟ್ರು: ಇದನ್ನು ನಿಮ್ಮ ಸಿಲಬಸ್‌ನಲ್ಲಿ ಯಾರೂ ಹೇಳಿಕೊಟ್ಟಿರಲ್ಲ. ಕ್ಯಾಮರಾದ ಅಪರ್ಚರ್ ಗೊತ್ತಾಗಿರುತ್ತೆ, ಇದು ಗೊತ್ತಾಗಿರಲ್ಲ.

ಕೊನೇ ಸೆಮಿಸ್ಟರ್: ಶನಿವಾರ ಕ್ಯಾಮರಾ ಬಿಟ್ಟು ಹೋಗ್ತೀನಿ. ಮೊದಲು ಅಕ್ಕನ ಹತ್ತಿರ ಹುಡುಗನ ವಿಷಯ ಮಾತಾಡ್ತೀನಿ. ಪ್ರಾಜೆಕ್ಟು 11 ಫೋಟೋದಲ್ಲೇ ಆಗಲಿ.

ಕೋರ್ಟ್ ಬೀಟ್: ಮಾತಾಡಿ. ಆದರೆ ಅವರು ಬೇಡ ಅಂದರೂ ಫೋನ್ ಮಾಡ್ತೀನಿ ಅನ್ನುವುದಾದರೆ, ಅದನ್ನು ಹೇಳಿಯೇ ಮಾತು ಶುರು ಮಾಡಿ.

ಕೊನೇ ಸೆಮಿಸ್ಟರ್: ಹ್ಞೂಂ. ಅದೇ ಹೇಗೆ ಹೇಳೋದು ಅಂತ ಯೋಚಿಸ್ತಿದ್ದೀನಿ.